ಬಣ್ಣ ಮಾಸಿದ ಮೇಲಿನ ಪಾಠ

ಕಳೆದ ಸಾಲಿನ ನನ್ನ ವೀಕ್ಷಣಾ ಪುಸ್ತಕದಲ್ಲಿ ಒಂದು ಪುಟವಿದೆ. ಆಲೂರು ಕಡೆಯ ಒಂದು ಹಿರಿಯ ಪ್ರಾಥಮಿಕ ಶಾಲೆ, ಏಳನೇ ತರಗತಿ, ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’ ಘಟಕದ ಮುಂದುವರಿದ ಚಟುವಟಿಕೆ. ಷರಾ ಕಾಲಂನಲ್ಲಿ ನನ್ನದೇ ಕೈಬರಹ: “ಪೀಠಿಕೆ ಚೆನ್ನಾಗಿದೆ. ಸಾಮಗ್ರಿ ಸಂಗ್ರಹ ಶ್ಲಾಘನೀಯ. ಆದರೆ ಪ್ರಯೋಗದ ಫಲಿತಾಂಶ ಅಸ್ಪಷ್ಟ. ಉಪಸಂಹಾರವಿಲ್ಲ. ಸಮಯಪಾಲನೆಯತ್ತ ಗಮನ ಕೊಡಬೇಕು.” ಪಕ್ಕದಲ್ಲಿ ಅಂಕ. ಆ ತಂಡದಲ್ಲೇ ಅದು ಕಡಿಮೆ ಅಂಕ. ನಾನು ಬರೆದ ಆ ಷರಾ ತಪ್ಪಾಗಿತ್ತು. ಹೇಗೆ ತಪ್ಪಾಗಿತ್ತು ಎಂಬುದನ್ನು ಸಹೋದ್ಯೋಗಿಗಳ ಮುಂದೆ ಮತ್ತು ಈ ವರ್ಷ ಶಾಲೆಗಳಿಗೆ ಹೊರಟಿರುವ ಪ್ರಶಿಕ್ಷಣಾರ್ಥಿಗಳ ಮುಂದೆ ಇಡಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನೈಸರ್ಗಿಕ ಬಣ್ಣದ ಪಾಠ ನಮಗೆಲ್ಲ ಗೊತ್ತಿರುವಂಥದ್ದೇ. ಬೋಧನಾಭ್ಯಾಸದ ಕಾಲದಲ್ಲಿ ವಾರಕ್ಕೊಂದಾದರೂ ನೋಡಲು ಸಿಗುತ್ತದೆ. ಪ್ರಶಿಕ್ಷಣಾರ್ಥಿ ಬೀಟ್‌ರೂಟ್ ತುರಿದು ತರುತ್ತಾರೆ, ಮಕ್ಕಳು ದಾಸವಾಳ ತರುತ್ತಾರೆ, ಅರಿಶಿನ ಶಾಲೆಯ ಅಡುಗೆ ಕೋಣೆಯಿಂದಲೇ ಬರುತ್ತದೆ. ಹಿಂಡುವುದು, ಸೋಸುವುದು, ಹಾಳೆಯ ಮೇಲೆ ಬಳಿಯುವುದು. ತರಗತಿಯಲ್ಲಿ ಗಲಾಟೆ, ಸಂತೋಷ, ಸಮವಸ್ತ್ರದ ಮೇಲೆಲ್ಲ ಕಲೆ. ಕೊನೆಗೆ “ಇವು ನೈಸರ್ಗಿಕ ಬಣ್ಣಗಳು, ಇವುಗಳಲ್ಲಿ ರಾಸಾಯನಿಕ ಇಲ್ಲ, ಆದ್ದರಿಂದ ಸುರಕ್ಷಿತ” ಎಂದು ಕಪ್ಪುಹಲಗೆಯ ಮೇಲೆ ಒಂದು ಸಾಲು. ಗಂಟೆ ಹೊಡೆಯುತ್ತದೆ. ಚಾರ್ಟು ಗೋಡೆಗೇರುತ್ತದೆ. ನಾವು “ವಿದ್ಯಾರ್ಥಿ ಕೇಂದ್ರಿತ ಚಟುವಟಿಕೆ, ಉತ್ತಮ” ಎಂದು ಬರೆದು ಮುಂದಿನ ಶಾಲೆಯ ಬಸ್ ಹಿಡಿಯುತ್ತೇವೆ.

ಹದಿನೈದು ದಿನದ ನಂತರ ಆ ಚಾರ್ಟು ನೋಡಿದವರು ನಮ್ಮಲ್ಲಿ ಎಷ್ಟು ಜನ? ಬೀಟ್‌ರೂಟಿನ ಕೆಂಪು ಕಂದಾಗಿರುತ್ತದೆ. ದಾಸವಾಳ ಬೂದಿಬಣ್ಣಕ್ಕೆ ತಿರುಗಿರುತ್ತದೆ. ಅರಿಶಿನ ಕಿಟಕಿಯ ಕಡೆ ಇದ್ದರೆ ಬಿಳಿಚಿಕೊಂಡಿರುತ್ತದೆ. ಯಾರೋ ಒಬ್ಬ ಶಿಕ್ಷಕರು ಅದನ್ನು ಕಿತ್ತು ಒಲೆಗೆ ಹಾಕುತ್ತಾರೆ. ಪಾಠ ಶುರುವಾಗಬೇಕಾದದ್ದು ಆಗ ಎಂಬುದು ನನಗೂ ಹೊಳೆದಿರಲಿಲ್ಲ.

ನಾನು ಕಡಿಮೆ ಅಂಕ ಕೊಟ್ಟ ವಿದ್ಯಾರ್ಥಿನಿಗೆ ಅದು ಹೊಳೆದಿತ್ತು. ಆಕೆ ವಿಜಯಪುರ ಜಿಲ್ಲೆಯವಳು. ಮಲೆನಾಡಿನ ಅಂಚಿನ ಈ ಊರುಗಳಲ್ಲಿ ಮೊದಲ ವರ್ಷ ಅವಳಿಗೆ ಮಳೆಯದೇ ಬೇಸರವಾಗಿತ್ತು. ಅವಳ ಪಾಠಯೋಜನೆಯ ಉದ್ದೇಶದ ಜಾಗದಲ್ಲಿ ಒಂದು ಪ್ರಶ್ನೆ ಇತ್ತು: “ಗಿಡದ ಬಣ್ಣ ಮಣ್ಣಿನ ಜೊತೆ ಸೇರಿದರೆ ಹೆಚ್ಚು ದಿನ ಉಳಿಯುತ್ತದೆಯೇ?” ಉದ್ದೇಶವನ್ನು ಪ್ರಶ್ನೆಯ ರೂಪದಲ್ಲಿ ಬರೆಯಬಾರದು ಎಂದು ನಾನು ಅಲ್ಲೇ ಕೆಂಪು ಗೆರೆ ಎಳೆದಿದ್ದೆ. ಈಗ ಆ ಗೆರೆ ನೋಡಿದರೆ ನಾಚಿಕೆಯಾಗುತ್ತದೆ.

ಅವಳ ಮೇಜಿನ ಮೇಲೆ ಮೂರು ಮಣ್ಣುಗಳಿದ್ದವು. ಒಂದು, ಶಾಲೆಯ ಹಿಂದಿನ ಗದ್ದೆಯ ಬದುವಿನಿಂದ ತೆಗೆದ ಬಿಳಿಚು ಜೇಡಿಮಣ್ಣು. ಎರಡನೆಯದು, ಶಾಲೆಯ ಕಾಂಪೌಂಡಿನ ಹೊರಗಿನ ಹುತ್ತದ ಮಣ್ಣು. ಮೂರನೆಯದು, ಅವಳು ರಜೆಯಲ್ಲಿ ಊರಿಗೆ ಹೋಗಿದ್ದಾಗ ಊಟದ ಡಬ್ಬಿಯಲ್ಲಿ ತುಂಬಿ ತಂದ ಎರೆಮಣ್ಣು. ಮೂರನ್ನೂ ಹಿಂದಿನ ದಿನವೇ ಮಕ್ಕಳ ಕೈಯಿಂದ ತೊಳೆಸಿದ್ದಳು. ಬಕೆಟ್ ನೀರಿನಲ್ಲಿ ಕದಡಿ, ಮರಳು ತಳ ಸೇರಲು ನಿಮಿಷ ಬಿಟ್ಟು, ಮೇಲಿನ ಕದಡು ನೀರನ್ನು ಮಾತ್ರ ಇನ್ನೊಂದು ಪಾತ್ರೆಗೆ ಬಸಿದು, ರಾತ್ರಿಯಿಡೀ ತಂಗಲು ಬಿಟ್ಟು, ತಳದ ನುಣುಪು ಕೆಸರನ್ನು ತೆಗೆದದ್ದು. ಮಡಕೆ ಮಾಡುವವರು ತಲೆತಲಾಂತರದಿಂದ ಮಾಡುವುದು ಇದನ್ನೇ.

ಪಾಠದ ದಿನ ದಾಸವಾಳದ ನೀರಿಗೆ ನಿಂಬೆ ಹಿಂಡಿ ಚೆನ್ನಾದ ಗುಲಾಬಿ ಬಣ್ಣ ಮಾಡಿಕೊಂಡು ಮೂರು ಲೋಟಕ್ಕೆ ಸುರಿದಳು. ಒಂದೊಂದಕ್ಕೆ ಒಂದೊಂದು ಮಣ್ಣು. ಕಲಕಿ ಬಿಟ್ಟಾಗ ಜೇಡಿಮಣ್ಣಿನ ಲೋಟದಲ್ಲಿ ನೀರು ಗುಲಾಬಿಯಾಗಿಯೇ ಉಳಿಯಿತು. ಹುತ್ತದ ಮಣ್ಣಿನದೂ ಬಹುಮಟ್ಟಿಗೆ ಹಾಗೆಯೇ. ಎರೆಮಣ್ಣಿನ ಲೋಟದಲ್ಲಿ ಸಣ್ಣಗೆ ನೊರೆ ಎದ್ದು, ತಂಗಿದ ಮೇಲೆ ನೀರಿನ ಗುಲಾಬಿ ಹೋಗಿ ಮಂಕು ಹಸಿರು ಉಳಿಯಿತು. ಮಕ್ಕಳು “ಮಣ್ಣು ಬಣ್ಣ ನುಂಗಿತು ಮಿಸ್” ಎಂದು ಕೂಗಿದರು. ಅವಳೂ ಅದನ್ನೇ ನಿರೀಕ್ಷಿಸಿದ್ದಳು. ಹೌದು ಎಂದಿದ್ದರೆ ಪಾಠ ಅಲ್ಲಿಗೆ ಸೊಗಸಾಗಿ ಮುಗಿಯುತ್ತಿತ್ತು, ನಾನೂ ಒಳ್ಳೆಯ ಅಂಕ ಕೊಡುತ್ತಿದ್ದೆ.

ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ ಎದ್ದು, “ಮಿಸ್, ಸೋಪು ಹಾಕಿದಾಗಲೂ ದಾಸವಾಳ ಹಸಿರಾಗಿತ್ತಲ್ಲ” ಅಂದ. ಎರಡು ದಿನದ ಹಿಂದೆ ಅವರ ಶಿಕ್ಷಕರೇ ಸೂಚಕಗಳ ಪಾಠ ಮಾಡಿದ್ದರು. ವಿದ್ಯಾರ್ಥಿನಿ ಒಂದು ಕ್ಷಣ ಸುಮ್ಮನೆ ನಿಂತಳು. ಅವಳ ಮುಖ ಕೆಂಪಾದದ್ದು ನನಗೆ ಕಂಡಿತು. ಆಮೇಲೆ ಎರೆಮಣ್ಣಿನ ಮೇಲಿನ ತಿಳಿನೀರನ್ನು ಬೇರೆ ಲೋಟಕ್ಕೆ ಬಸಿದು ಅದಕ್ಕೆ ಮತ್ತೆ ನಿಂಬೆ ಹಿಂಡಿದಳು. ಗುಲಾಬಿ ಬಣ್ಣ ವಾಪಸು ಬಂತು. ಪೂರ್ತಿ ಅಲ್ಲ, ಮೊದಲಿಗಿಂತ ತೆಳುವಾಗಿ. “ಹಾಗಾದರೆ ಮಣ್ಣು ಸ್ವಲ್ಪ ನುಂಗಿದೆಯೋ, ಇಲ್ಲ ನಾವು ನೀರು ಬೆರೆಸಿದ್ದಕ್ಕೆ ತೆಳುವಾಯಿತೋ, ನನಗೂ ಗೊತ್ತಿಲ್ಲ. ನೋಡೋಣ” ಎಂದಳು. ಗಂಟೆ ಹೊಡೆಯಿತು. ನಾನು “ಫಲಿತಾಂಶ ಅಸ್ಪಷ್ಟ” ಎಂದು ಬರೆದೆ.

ಅಸ್ಪಷ್ಟವಾಗಿದ್ದದ್ದು ನನ್ನ ತಲೆ. ನಡೆದದ್ದನ್ನು ರಸಾಯನಶಾಸ್ತ್ರದ ಕಣ್ಣಿನಿಂದ ನೋಡಿದರೆ ಅದು ಬಹಳ ಶುದ್ಧವಾದ ಪಾಠ. ಉತ್ತರ ಕರ್ನಾಟಕದ ಕಪ್ಪುಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು. ಅದು ನಿಂಬೆಯ ಆಮ್ಲವನ್ನು ತಟಸ್ಥಗೊಳಿಸಿತು, ನೊರೆ ಬಂದದ್ದು ಅದರಿಂದ. ಆಮ್ಲ ಹೋದಾಗ ದಾಸವಾಳದ ಆಂಥೊಸಯನಿನ್ ಬಣ್ಣ ಬದಲಿಸಿತು. ಮಲೆನಾಡಿನ ಮಣ್ಣು ಸಾಮಾನ್ಯವಾಗಿ ಹುಳಿ. ಎಷ್ಟೋ ಶತಮಾನಗಳ ಮಳೆ ಅದರ ಸುಣ್ಣವನ್ನೆಲ್ಲ ತೊಳೆದುಬಿಟ್ಟಿದೆ. ಆದ್ದರಿಂದ ಅಲ್ಲಿ ಗುಲಾಬಿ ಉಳಿಯಿತು. ಮಣ್ಣು ಬಣ್ಣವನ್ನು ಹಿಡಿಯುವುದು ಬೇರೆ, ಮಣ್ಣು ಬಣ್ಣವನ್ನು ಬದಲಿಸುವುದು ಬೇರೆ. ಒಬ್ಬ ಏಳನೇ ತರಗತಿಯ ಹುಡುಗ ಈ ಎರಡನ್ನು ಬೇರ್ಪಡಿಸಿದ. ಪಾಠ ಹೇಳುವವಳು ಅವನ ಮಾತನ್ನು ತಳ್ಳಿಹಾಕದೆ ಪರೀಕ್ಷೆಗೆ ಒಡ್ಡಿದಳು. ನಾವು ಜ್ಞಾನರಚನೆ, ಜ್ಞಾನರಚನೆ ಎಂದು ಎರಡು ವರ್ಷ ಹೇಳಿಕೊಟ್ಟದ್ದು ಇದಕ್ಕಲ್ಲವೇ?

ವಾರದ ನಂತರ ಕಾಲೇಜಿನ ಪ್ರಯೋಗಾಲಯದಲ್ಲಿ ಅವಳೇ ಅದನ್ನು ಮುಂದುವರಿಸಿದಳು. ಆಮ್ಲ–ಪ್ರತ್ಯಾಮ್ಲದ ಗೊಂದಲ ಬೇಡವೆಂದು ಮೆಥಿಲೀನ್ ಬ್ಲೂ ತೆಗೆದುಕೊಂಡಳು. ಈ ಬಣ್ಣ ಅಷ್ಟು ಸುಲಭಕ್ಕೆ ಹುಳಿಗೆ, ಸುಣ್ಣಕ್ಕೆ ಬದಲಾಗುವುದಿಲ್ಲ. ಒಂದೇ ತೂಕದ ಮೂರು ಮಣ್ಣು, ಒಂದೇ ಅಳತೆಯ ನೀಲಿ ನೀರು, ಜೊತೆಗೆ ಮಣ್ಣೇ ಹಾಕದ ನಾಲ್ಕನೆಯ ಲೋಟ. ಎರೆಮಣ್ಣಿನ ಮೇಲಿನ ನೀರು ತಿಳಿಯಾಯಿತು. ಗದ್ದೆಯ ಜೇಡಿಯ ನೀರು ನೀಲಿಯಾಗಿಯೇ ಉಳಿಯಿತು, ಒಂದಿಷ್ಟು ತೆಳುವಾಗಿ.

ಏಕೆ ಹೀಗೆ ಎಂಬುದು ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ತಿಳಿದಿರಬೇಕು. ಜೇಡಿಯ ಕಣ ಎಂದರೆ ಹಾಳೆಗಳ ಕಟ್ಟು. ಸಿಲಿಕಾದ ಹಾಳೆ, ಅಲ್ಯುಮಿನಾದ ಹಾಳೆ. ಮಲೆನಾಡಿನಂತೆ ಜಡಿಮಳೆ ಬೀಳುವ ಕಡೆ ಬಂಡೆಯಿಂದ ಸಿಲಿಕಾ, ಸುಣ್ಣ, ಪೊಟ್ಯಾಶ್ ಎಲ್ಲ ಕೊಚ್ಚಿಹೋಗಿ ಕೊನೆಗೆ ಹೆಚ್ಚಾಗಿ ಉಳಿಯುವುದು ಕೇಯೊಲಿನೈಟ್ ಎಂಬ ಜೇಡಿ ಖನಿಜ, ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳು. ಕೇಯೊಲಿನೈಟಿನಲ್ಲಿ ಒಂದು ಸಿಲಿಕಾ ಹಾಳೆಗೆ ಒಂದು ಅಲ್ಯುಮಿನಾ ಹಾಳೆ. ಕಟ್ಟುಗಳು ಒಂದಕ್ಕೊಂದು ಬಿಗಿಯಾಗಿ ಅಂಟಿರುತ್ತವೆ, ನಡುವೆ ನೀರೂ ನುಗ್ಗುವುದಿಲ್ಲ. ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಬಳಗದ ಖನಿಜ ಹೆಚ್ಚು. ಅದರಲ್ಲಿ ಎರಡು ಸಿಲಿಕಾ ಹಾಳೆಗಳ ನಡುವೆ ಒಂದು ಅಲ್ಯುಮಿನಾ ಹಾಳೆ. ಕಟ್ಟುಗಳ ನಡುವೆ ನೀರು ಹೊಕ್ಕು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆಹೊಲ ಅಂಗೈ ಅಗಲ ಬಿರುಕು ಬಿಡುವುದು ಇದರಿಂದಲೇ. ಹಾಳೆಗಳ ಮೇಲೆ ಋಣ ಆವೇಶ ಇರುವುದರಿಂದ ಧನ ಆವೇಶದ ಬಣ್ಣದ ಅಣುಗಳನ್ನು ಅದು ಎಳೆದುಕೊಂಡು ಒಳಗೆ ಕೂರಿಸಿಕೊಳ್ಳುತ್ತದೆ. ಮೆಥಿಲೀನ್ ಬ್ಲೂ ಅಂಥದ್ದು. ಆಮ್ಲದಲ್ಲಿರುವ ದಾಸವಾಳದ ಬಣ್ಣವೂ ಅಂಥದ್ದೇ. ಹೀಗೆ ಧನ ಅಯಾನುಗಳನ್ನು ಹಿಡಿಯುವ ಸಾಮರ್ಥ್ಯ ಕೇಯೊಲಿನೈಟಿಗೆ 100 ಗ್ರಾಂಗೆ 3ರಿಂದ 15 ಮಿಲಿ ಈಕ್ವಿವಲೆಂಟ್ ಇದ್ದರೆ ಮಾಂಟ್‌ಮೊರಿಲೊನೈಟಿಗೆ 80ರಿಂದ 150. ಸಕಲೇಶಪುರದ ಮಕ್ಕಳ ಕಾಲಡಿಯ ಮಣ್ಣು ಮತ್ತು ವಿಜಯಪುರದ ಮಕ್ಕಳ ಕಾಲಡಿಯ ಮಣ್ಣು ಎರಡೂ ‘ಮಣ್ಣು’ ಎಂಬ ಒಂದೇ ಪದಕ್ಕೆ ಸೇರಿದರೂ ಬಣ್ಣದ ಮಟ್ಟಿಗೆ ಬೇರೆ ಬೇರೆ ವಸ್ತುಗಳು.

ಆದರೆ ಎರೆಮಣ್ಣು ಬಣ್ಣ ನುಂಗಿದರೂ ಅದರಿಂದ ಬಣ್ಣದ ಪುಡಿ ಆಗುವುದಿಲ್ಲ. ಅದು ತಾನೇ ಕಪ್ಪು, ಒಳಗಿನ ಗುಲಾಬಿ ಯಾರಿಗೂ ಕಾಣದು. ಇದನ್ನೂ ಮಕ್ಕಳೇ ಕಂಡುಹಿಡಿದರು, ಸ್ವಲ್ಪ ನಿರಾಸೆಯಿಂದ. ಅದೇ ಬಳಗದ ಬಿಳಿಚು ಮಣ್ಣು ಬೇಕಿದ್ದರೆ ಫ್ಯಾನ್ಸಿ ಸ್ಟೋರಿನಲ್ಲಿ ಮುಖಕ್ಕೆ ಹಚ್ಚಲು ಮಾರುವ ಮುಲ್ತಾನಿ ಮಿಟ್ಟಿ ಸಾಕು.

ಮಣ್ಣು ಸೇರಿಸಿದರೆ ಗಿಡದ ಬಣ್ಣ ಶಾಶ್ವತವಾಗುತ್ತದೆ ಎಂಬ ಮಾತು ಇತ್ತೀಚೆಗೆ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಕೇಳುತ್ತಿದೆ. ಅದರ ಹಿಂದೆ ಇರುವುದು ಮೆಕ್ಸಿಕೊದ ಮಾಯಾ ಜನರ ನೀಲಿ. ಬೊನಾಂಪಾಕ್‌ನ ಎಂಟನೇ ಶತಮಾನದ ಭಿತ್ತಿಚಿತ್ರಗಳಲ್ಲಿ, ಅದೂ ಮಳೆಕಾಡಿನ ತೇವದ ನಡುವೆ, ಆ ನೀಲಿ ಇನ್ನೂ ಉಳಿದಿದೆ. ಚಿಚೆನ್ ಇಟ್ಜಾದ ಪವಿತ್ರ ಬಾವಿಯ ತಳದಲ್ಲಿ ಸುಮಾರು 14 ಅಡಿ ದಪ್ಪದ ನೀಲಿ ಕೆಸರೇ ಸಿಕ್ಕಿತ್ತು. ನಮ್ಮ ನೀಲಿ ಗಿಡದ ಬಣ್ಣವನ್ನು ನೈಟ್ರಿಕ್ ಆಮ್ಲಕ್ಕೆ ಹಾಕಿದರೆ ಕೆಟ್ಟು ಹಳದಿಯಾಗುತ್ತದೆ. ಮಾಯಾ ನೀಲಿ ಜಗ್ಗುವುದಿಲ್ಲ. ಅದರಲ್ಲಿರುವುದೂ ಅದೇ ಇಂಡಿಗೊ ಅಣು, ಜೊತೆಗೆ ಪಾಲಿಗೊರ್ಸ್ಕೈಟ್ ಎಂಬ ಜೇಡಿ. ಯುಕಟಾನಿನ ಜನ ಅದನ್ನು ತಮ್ಮ ಭಾಷೆಯಲ್ಲಿ ‘ಬಿಳಿ ಮಣ್ಣು’ ಎನ್ನುತ್ತಾರೆ. 1966ರಲ್ಲಿ ವಾನ್ ಓಲ್ಫೆನ್ ಎಂಬ ವಿಜ್ಞಾನಿ ಇಂಡಿಗೊವನ್ನು ಈ ಜೇಡಿಯೊಂದಿಗೆ ಸೇರಿಸಿ ಕಾಯಿಸಿ ಪ್ರಯೋಗಾಲಯದಲ್ಲಿ ಅದೇ ಗುಣದ ನೀಲಿಯನ್ನು ಮಾಡಿ ತೋರಿಸಿದರು. ಪಾಲಿಗೊರ್ಸ್ಕೈಟಿನ ಹರಳು ಹಾಳೆಯಂತಿರದೆ ಸೂಜಿಯಂತೆ ಇರುತ್ತದೆ, ಉದ್ದಕ್ಕೂ ಬಹಳ ಸಣ್ಣ ಸುರಂಗಗಳು. ಕಾಯಿಸಿದಾಗ ಸುರಂಗದ ನೀರು ಹೊರಟು ಇಂಡಿಗೊ ಅಣು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಸುರಂಗದ ಒಳಕ್ಕೇ ಹೋಗುತ್ತದೆಯೋ, ಬಾಯಿಗೆ ಬಿರಟೆಯಂತೆ ಕೂರುತ್ತದೆಯೋ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಮುಗಿದಿಲ್ಲ.

ಹೀಗಿರುವಾಗ ಗದ್ದೆಯ ಜೇಡಿಗೆ ದಾಸವಾಳ ಹಿಂಡಿ ‘ಮಾಯಾ ವಿಧಾನ’ ಎಂದು ಫಲಕ ಬರೆಯುವುದು ಸರಿಯಲ್ಲ. ಅಲ್ಲಿ ಕೆಲಸ ಮಾಡಿದ್ದು ಒಂದು ನಿರ್ದಿಷ್ಟ ಅಣು, ಅದಕ್ಕೆ ಹೊಂದುವ ಒಂದು ನಿರ್ದಿಷ್ಟ ಖನಿಜ ಮತ್ತು ಬೆಂಕಿ. ಯಾವ ಬಣ್ಣಕ್ಕೆ ಯಾವ ಮಣ್ಣು ಎಂಬ ಪ್ರಶ್ನೆ ಬಿಟ್ಟು ಮಣ್ಣಿನ ಮಹಿಮೆ ಹೇಳಿದರೆ ಅದು ವಿಜ್ಞಾನ ಬೋಧನೆ ಆಗುವುದಿಲ್ಲ.

ಹಾಗಾದರೆ ಸಕಲೇಶಪುರ–ಆಲೂರಿನ ಗುಡ್ಡದ ಶಾಲೆಯೊಂದು ತನ್ನ ಸುತ್ತಲಿನ ವಸ್ತುಗಳಿಂದ ಉಳಿಯುವ ಬಣ್ಣ ಮಾಡಬಹುದೇ? ಮಾಡಬಹುದು. ನಡುವೆ ಒಬ್ಬ ದಲ್ಲಾಳಿ ಬೇಕು, ಅಷ್ಟೆ. ಅದು ಅಲ್ಯುಮಿನಿಯಂ, ಅಂದರೆ ಕಿರಾಣಿ ಅಂಗಡಿಯ ಸ್ಫಟಿಕ. ನಮ್ಮ ವಿದ್ಯಾರ್ಥಿನಿ ಎರಡನೆಯ ಸುತ್ತಿನಲ್ಲಿ ಅರಿಶಿನದ ಜೊತೆ ಹಲಸಿನ ಮರದ ಹೊಟ್ಟನ್ನು ಆರಿಸಿಕೊಂಡಳು. ಬಡಗಿಯ ಅಂಗಡಿಯಲ್ಲಿ ಅದು ಬಿಟ್ಟಿ. ಹಲಸಿನ ಕಾಂಡದ ಹಳದಿಯಲ್ಲಿ ಮೋರಿನ್ ಎಂಬ ವಸ್ತು ಇದೆ. ಬರ್ಮಾ, ಸಯಾಮಿನ ಕಡೆ ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಕೊಟ್ಟದ್ದು ಇದೇ ಹಲಸು. ಮೋರಿನ್‌ಗೆ ಅಲ್ಯುಮಿನಿಯಂ ಎಂದರೆ ಎಷ್ಟು ಒಲವೆಂದರೆ, ಅಲ್ಯುಮಿನಿಯಂ ಇದೆಯೇ ಎಂದು ಪತ್ತೆಮಾಡಲು ರಸಾಯನಶಾಸ್ತ್ರಜ್ಞರು ಇದನ್ನೇ ಬಳಸುತ್ತಾರೆ.

ಮಾಡುವ ಕ್ರಮ ಹೇಳಿಬಿಡುತ್ತೇನೆ, ಯಾರಾದರೂ ಮಾಡಲಿ. 100 ಗ್ರಾಂ ಹಲಸಿನ ಹೊಟ್ಟನ್ನು ಒಂದು ಲೀಟರ್ ನೀರಿನಲ್ಲಿ ಅರ್ಧಕ್ಕಿಳಿಯುವವರೆಗೆ ಕುದಿಸಿ ಸೋಸಬೇಕು. ತೊಳೆದು ಒಣಗಿಸಿದ ಬಿಳಿ ಜೇಡಿ 30 ಗ್ರಾಂ ಅದರಲ್ಲಿ ಕದಡಬೇಕು. 10 ಗ್ರಾಂ ಸ್ಫಟಿಕವನ್ನು ಬಿಸಿನೀರಿನಲ್ಲಿ ಕರಗಿಸಿ ಸೇರಿಸಬೇಕು. ಆಮೇಲೆ ವಾಷಿಂಗ್ ಸೋಡಾ ದ್ರಾವಣವನ್ನು ಸ್ವಲ್ಪಸ್ವಲ್ಪವಾಗಿ, ನೊರೆ ಇಳಿಯಲು ಬಿಟ್ಟು ಬಿಟ್ಟು ಹಾಕಬೇಕು. ಸೋಡಾ ಹರಳಾಗಿದ್ದರೆ ಸುಮಾರು 9 ಗ್ರಾಂ, ನೀರಿನಂಶವಿಲ್ಲದ ಪುಡಿಯಾದರೆ ಮೂರೂವರೆ ಗ್ರಾಂನಷ್ಟು. ಈ ಲೆಕ್ಕವನ್ನು ಸಮೀಕರಣದಿಂದ ತೆಗೆಯುವ ಕೆಲಸವನ್ನು ಪ್ರಶಿಕ್ಷಣಾರ್ಥಿಗೇ ಬಿಡಿ. ಅಲ್ಯುಮಿನಿಯಂ ಹೈಡ್ರಾಕ್ಸೈಡ್ ಮೊಸರಿನಂತೆ ಒಡೆದು, ಬಣ್ಣವನ್ನು ಹಿಡಿದುಕೊಂಡು ಜೇಡಿಯ ಕಣಗಳ ಮೇಲೆ ಕೂರುತ್ತದೆ. ತಂಗಿದ ಮೇಲೆ ಮೂರು ನಾಲ್ಕು ಸಲ ನೀರು ಬದಲಿಸಿ, ಬಟ್ಟೆಯಲ್ಲಿ ಸೋಸಿ, ಒಣಗಿಸಿ, ಅರೆದರೆ ಹಳದಿ ಪುಡಿ. ಗೋಂದಿನ ನೀರಿನಲ್ಲಿ ಕಲಸಿದರೆ ಚಿತ್ರ ಬರೆಯಬಹುದು. ಕುದಿಸುವ ಕೆಲಸ ಮಾತ್ರ ದೊಡ್ಡವರ ಕೈಯಲ್ಲಿರಲಿ.

ಒಣಗಿಸಿ ಎಂದು ಬರೆಯುವುದು ಸುಲಭ. ಸಕಲೇಶಪುರದ ಜುಲೈ ತಿಂಗಳಿನಲ್ಲಿ ಸಮವಸ್ತ್ರವೇ ಒಣಗುವುದಿಲ್ಲ. ಮೊದಲ ಸಲದ ಬಣ್ಣ ನಾಲ್ಕು ದಿನಕ್ಕೆ ಬೂಸ್ಟು ಹಿಡಿಯಿತು. ಕಾಫಿ ತೋಟದ ಲೈನ್ ಮನೆಯ ಹುಡುಗಿಯೊಬ್ಬಳು ತನ್ನ ಪಾಲಿನ ಕೆಸರನ್ನು ಮನೆಗೆ ಒಯ್ದು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟು ಒಣಗಿಸಿ ತಂದಳು. ಸ್ವಲ್ಪ ಹೊಗೆ ಹಿಡಿದಿತ್ತು, ಆದರೂ ಹಳದಿಯೇ. ಇನ್ನೊಂದು ದಿನ ಮಣ್ಣು ತರಲು ಹಳ್ಳದ ಕಡೆ ಹೋಗಬೇಕಿತ್ತು, ಆನೆಗಳ ಗುಂಪು ಆ ಭಾಗದಲ್ಲಿದೆ ಎಂಬ ಸಂದೇಶ ಬಂದು ಹೊರಸಂಚಾರ ನಿಂತಿತು. ನಮ್ಮ ಪಾಠಯೋಜನೆಯ ನಮೂನೆಯಲ್ಲಿ ಮಳೆಗೂ ಆನೆಗೂ ಕಾಲಂ ಇಲ್ಲ.

ಸ್ಫಟಿಕ ಅಂಗಡಿಯದು, ಅದೂ ರಾಸಾಯನಿಕ, ಹಾಗಾದರೆ ಬಣ್ಣ ನೈಸರ್ಗಿಕ ಹೇಗಾಯಿತು ಎಂದು ಕೇಳುವವರಿದ್ದಾರೆ. ಕೇಳಲಿ, ಒಳ್ಳೆಯ ಪ್ರಶ್ನೆ. ಅರಿಶಿನದೊಳಗಿನ ಕರ್ಕ್ಯುಮಿನ್ ಕೂಡ ರಾಸಾಯನಿಕವೇ, ನೀರೂ ರಾಸಾಯನಿಕವೇ. ‘ರಾಸಾಯನಿಕ ಇಲ್ಲ’ ಎಂಬ ವಾಕ್ಯವನ್ನು ರಸಾಯನಶಾಸ್ತ್ರದ ಪಾಠದಲ್ಲಿ ಬರೆಯುವುದನ್ನು ನಾವು ಇನ್ನಾದರೂ ನಿಲ್ಲಿಸಬೇಕು. ಅಷ್ಟಕ್ಕೂ ಅಲ್ಯುಮಿನಿಯಂ ನಮ್ಮ ಗುಡ್ಡಗಳಿಗೆ ಹೊರಗಿನದಲ್ಲ. ಹುಳಿಮಣ್ಣಿನಲ್ಲಿ ಅದು ಕರಗಿ ಬೇರಿಗೆ ಸಿಗುತ್ತದೆ. ಬಹುಪಾಲು ಗಿಡಗಳಿಗೆ ಅದು ವಿಷ, ಕೆಲವು ಮಾತ್ರ ಅದನ್ನು ಎಲೆಯಲ್ಲಿ ಕೂಡಿಟ್ಟುಕೊಳ್ಳುತ್ತವೆ. ನೇರಳೆ ಹೂವಿನ, ಹಣ್ಣು ತಿಂದರೆ ನಾಲಿಗೆ ಕಪ್ಪಾಗುವ ನೆಕ್ಕರಿಕೆ ಗಿಡ ಅಂಥದ್ದು. ಚಹಾ ಗಿಡವೂ ಹೌದು. ಲೋಧ್ರದ ಬಳಗದ ಮರಗಳೂ ಹೌದು. ಸ್ಫಟಿಕ ಸಿಗದ ಕಾಲದಲ್ಲಿ, ಸಿಗದ ಕಡೆಗಳಲ್ಲಿ, ಬಟ್ಟೆಗೆ ಬಣ್ಣ ಹಾಕುವವರು ಲೋಧ್ರದ ತೊಗಟೆ–ಎಲೆಗಳನ್ನೇ ಅದರ ಬದಲು ಬಳಸಿದ್ದಾರೆ. ಮರದ ತೊಗಟೆ ಕೀಳಿಸುವ ಚಟುವಟಿಕೆ ಯಾರೂ ಮಾಡಿಸಬೇಡಿ. ಕಾಡಿನ ಮಂಜಿಷ್ಠ, ಮರದರಿಶಿನಗಳ ಸುದ್ದಿಗೂ ಹೋಗಬೇಡಿ. ಅವುಗಳಿಗೆ ಈಗಿರುವ ಕಷ್ಟವೇ ಸಾಕು. ನೆಕ್ಕರಿಕೆಯ ಉದುರಿದ ಎಲೆ ಕುದಿಸಿ ನೋಡಲು ಅಡ್ಡಿಯಿಲ್ಲ.

ಇನ್ನು ಉಳಿಯುವಿಕೆಯ ಪರೀಕ್ಷೆ. ಅದಕ್ಕೆ ಖರ್ಚೇ ಇಲ್ಲ. ಆರು ಪಟ್ಟಿ ಕಾಗದ: ಬರಿ ಅರಿಶಿನ, ಜೇಡಿ ಸೇರಿಸಿದ ಅರಿಶಿನ, ಜೇಡಿ ಮತ್ತು ಸ್ಫಟಿಕ ಸೇರಿಸಿದ ಅರಿಶಿನ, ಹಾಗೆಯೇ ಹಲಸು ಮೂರು. ಪ್ರತಿ ಪಟ್ಟಿಯ ಅರ್ಧಕ್ಕೆ ದಪ್ಪ ಕಪ್ಪು ಕಾಗದ ಮುಚ್ಚಿ ಕಿಟಕಿಗೆ ಅಂಟಿಸಿದರು. ವಾರಕ್ಕೊಮ್ಮೆ ಸೋಮವಾರ ಮುಚ್ಚಳ ಎತ್ತಿ ನೋಡಿ, ಮಕ್ಕಳು ತಮ್ಮದೇ ಮಾತಿನಲ್ಲಿ ಬರೆಯಬೇಕು. ಮಳೆಗಾಲದ ಮೊದಲ ವಾರಗಳಲ್ಲಿ ಏನೂ ಆಗಲಿಲ್ಲ. “ಬಿಸಿಲು ಇಲ್ಲ, ಬಣ್ಣ ಇದೆ” ಎಂದು ಒಬ್ಬ ಬರೆದಿದ್ದ. ಸೆಪ್ಟೆಂಬರ್ ಕೊನೆಯಲ್ಲಿ ಬಿಸಿಲು ಬಂದದ್ದೇ ಬರಿ ಅರಿಶಿನ ಬಿಳಿಚಿತು. ಜೇಡಿ ಸೇರಿದ್ದೂ ಅದರ ಹಿಂದೆಯೇ ಹೋಯಿತು. ಸ್ಫಟಿಕವಿದ್ದದ್ದು ಸ್ವಲ್ಪ ದಿನ ಹೆಚ್ಚು ತಡೆದು ಆಮೇಲೆ ಸೋತಿತು. ಅರಿಶಿನದ ಹಳದಿ ಬೆಳಕಿಗೆ ನಿಲ್ಲುವ ಜಾತಿಯದೇ ಅಲ್ಲ, ಮಣ್ಣು ಅದನ್ನು ಕಾಪಾಡಲಾರದು. ಹಲಸು–ಜೇಡಿ–ಸ್ಫಟಿಕದ ಪಟ್ಟಿಯಲ್ಲಿ ಮಾತ್ರ ಮುಚ್ಚಿದ ಅರ್ಧಕ್ಕೂ ತೆರೆದ ಅರ್ಧಕ್ಕೂ ವ್ಯತ್ಯಾಸ ಹೇಳಲು ಮಕ್ಕಳು ಜಗಳವಾಡಬೇಕಾಯಿತು.

ಅಷ್ಟರಲ್ಲಿ ಒಬ್ಬಳು ಇನ್ನೊಂದು ಪಟ್ಟಿ ತಾನೇ ಸೇರಿಸಿದ್ದಳು. ಮನೆಯ ಗೋಡೆಯ ಅಡಿಗೆ ಬಳಿಯುವ ಕೆಮ್ಮಣ್ಣು. ಅದು ಏನೂ ಆಗಲಿಲ್ಲ. ಆಗುವುದೂ ಇಲ್ಲ. ಕಬ್ಬಿಣದ ಆಕ್ಸೈಡ್ ಆಗಲೇ ಆಗಬೇಕಾದದ್ದೆಲ್ಲ ಆಗಿ ಮುಗಿದ ವಸ್ತು, ಬಿಸಿಲು ಅದಕ್ಕೆ ಇನ್ನೇನು ಮಾಡೀತು? ಕೊಪ್ಪಳದ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಇತಿಹಾಸಪೂರ್ವ ಕಾಲದವರು ಬರೆದ ಚಿತ್ರಗಳು ಉಳಿದಿರುವುದೂ ಕೆಂಪಿನಲ್ಲೇ. ಸಾಗರದ ಕಡೆಯ ದೀವರ ಹೆಣ್ಣುಮಕ್ಕಳು ಬರೆಯುವ ಚಿತ್ತಾರದಲ್ಲಿ ಕೆಂಪು ಕೆಮ್ಮಣ್ಣಿನದು, ಬಿಳಿ ಅಕ್ಕಿಯದು, ಕಪ್ಪು ಸುಟ್ಟ ಅಕ್ಕಿಯದು. ಹಳದಿಗೆ ಮಾತ್ರ ಗುರಿಗೆ ಕಾಯಿಯ ಹತ್ತಿರ ಹೋಗಬೇಕು. ಗಿಡದಿಂದ ಬಣ್ಣ ಪಡೆದು ಉಳಿಸಿಕೊಳ್ಳುವುದು ಯಾವಾಗಲೂ ಕಷ್ಟದ ಕೆಲಸವಾಗಿತ್ತು ಎಂಬುದನ್ನು ಆ ಕೆಮ್ಮಣ್ಣಿನ ಪಟ್ಟಿ ನನಗೆ ನೆನಪಿಸಿತು.

ಈಗ ನನ್ನ ವಾದಕ್ಕೆ ಬರುತ್ತೇನೆ. 2014ರ ಎನ್‌ಸಿಟಿಇ ನಿಯಮಾವಳಿಯ ಪ್ರಕಾರ ಎರಡು ವರ್ಷದ ಬಿ.ಇಡಿ.ಯಲ್ಲಿ ಶಾಲಾ ಇಂಟರ್ನ್‌ಷಿಪ್ 20 ವಾರ, ಅದರಲ್ಲಿ 16 ವಾರ ಎರಡನೆಯ ವರ್ಷ. ಅಷ್ಟು ಉದ್ದದ ಕಾಲ ಕೊಟ್ಟದ್ದು ಪ್ರಶಿಕ್ಷಣಾರ್ಥಿ ಒಂದೇ ಶಾಲೆಯಲ್ಲಿ ಬೇರು ಬಿಡಲಿ ಎಂದು. ನಾವು ಮಾತ್ರ ಇನ್ನೂ ಹಳೆಯ ಲೆಕ್ಕದಲ್ಲೇ ಇದ್ದೇವೆ. 40 ನಿಮಿಷದ ಒಂದು ಪಾಠ, ಅದರೊಳಗೆ ಪೀಠಿಕೆ, ಬೆಳವಣಿಗೆ, ಉಪಸಂಹಾರ, ಮೌಲ್ಯಮಾಪನ, ಗೃಹಪಾಠ ಎಲ್ಲ ಮುಗಿಯಬೇಕು. ಮುಗಿಯದಿದ್ದರೆ ಅಂಕ ಕಡಿತ. ಬಣ್ಣ ಮಾಸಲು ಆರು ವಾರ ಬೇಕು. ಮಾಸುವುದನ್ನು ಕಲಿಸುವವರಿಗೆ ನಮ್ಮ ಅಂಕಪಟ್ಟಿಯಲ್ಲಿ ಜಾಗವಿಲ್ಲ. ಆದ್ದರಿಂದ ಎಲ್ಲರೂ ಮಾಸುವ ಮೊದಲಿನದನ್ನೇ ಕಲಿಸುತ್ತಾರೆ.

ನನ್ನ ಸಲಹೆ ಚಿಕ್ಕದು. ಪ್ರತಿ ಪ್ರಶಿಕ್ಷಣಾರ್ಥಿಯ ವೀಕ್ಷಿತ ಪಾಠಗಳಲ್ಲಿ ಒಂದನ್ನು ಎರಡು ಸಲ ವೀಕ್ಷಿಸೋಣ. ಮೊದಲನೆಯದು ಪಾಠದ ದಿನ, ಎರಡನೆಯದು ಕನಿಷ್ಠ ಐದು ವಾರದ ಮೇಲೆ, ಅದೇ ತರಗತಿಯಲ್ಲಿ, ಅದೇ ವಿಷಯದ ಮೇಲೆ ಹದಿನೈದು ನಿಮಿಷ. ಅಂಕ ಎರಡನೆಯ ಭೇಟಿಯ ನಂತರವೇ. ಆಗ ಚಾರ್ಟು ಸುಂದರವಾಗಿತ್ತೇ ಎಂದು ಕೇಳಬೇಕಾಗಿಲ್ಲ. ಮಕ್ಕಳು ಏನು ಗಮನಿಸಿದರು, ಯಾವ ಊಹೆ ಬಿದ್ದುಹೋಯಿತು, ಪಾಠ ಹೇಳಿದವರು ಅದನ್ನು ಮಕ್ಕಳ ಮುಂದೆ ಒಪ್ಪಿಕೊಂಡರೇ ಎಂದು ಕೇಳಬಹುದು. ಬಣ್ಣವೇ ಆಗಬೇಕೆಂದಿಲ್ಲ. ಕಾಂಪೋಸ್ಟ್ ಗುಂಡಿ, ತುಕ್ಕು, ಬೀಜ ಮೊಳೆಯುವುದು, ಏನಾದರೂ ಆದೀತು.

ಇದನ್ನು ಸಿಬ್ಬಂದಿ ಕೋಣೆಯಲ್ಲಿ ಹೇಳಿದಾಗ ಆಕ್ಷೇಪಗಳು ಬಂದವು. ಒಬ್ಬ ಸಹೋದ್ಯೋಗಿ, “ಗುಡ್ಡದ ಶಾಲೆಗಳಿಗೆ ದಿನಕ್ಕೆ ಎರಡೇ ಬಸ್ಸು, ಒಮ್ಮೆ ಹೋಗುವುದೇ ಕಷ್ಟ” ಎಂದರು. ನಿಜ. ಎರಡನೆಯ ಭೇಟಿಗೆ ನಾವೇ ಹೋಗಬೇಕೆಂದಿಲ್ಲ, ಶಾಲೆಯ ಮಾರ್ಗದರ್ಶಿ ಶಿಕ್ಷಕರು ನೋಡಬಹುದು. ನಮಗಿಂತ ಅವರಿಗೆ ಆ ಮಕ್ಕಳು ಗೊತ್ತು. ಇನ್ನೊಬ್ಬರು, “ಪಠ್ಯ ಮುಗಿಸುವ ಒತ್ತಡದಲ್ಲಿ ಮುಖ್ಯ ಶಿಕ್ಷಕರು ಒಪ್ಪುವುದಿಲ್ಲ” ಎಂದರು. ಸೋಮವಾರ ಐದು ನಿಮಿಷ ಕಿಟಕಿಯ ಹತ್ತಿರ ನಿಲ್ಲುವುದಕ್ಕೆ ಒಪ್ಪದ ಮುಖ್ಯ ಶಿಕ್ಷಕರನ್ನು ನಾನು ನೋಡಿಲ್ಲ. ಹತ್ತನೇ ತರಗತಿಯ ವಿಷಯದಲ್ಲಿ ಈ ಮಾತು ಹೇಳಲಾರೆ, ಅಲ್ಲಿ ಎಸ್‌ಎಸ್‌ಎಲ್‌ಸಿಯ ಭಯ ಬೇರೆಯದೇ. ಮೂರನೆಯ ಆಕ್ಷೇಪ ನನಗೆ ಹೆಚ್ಚು ತೊಂದರೆ ಕೊಟ್ಟಿತು. ಪ್ರಯೋಗ ಕೈಕೊಟ್ಟರೆ ಮಕ್ಕಳ ಮುಂದೆ ಹೊಸ ಶಿಕ್ಷಕರ ಆತ್ಮವಿಶ್ವಾಸ ಕುಸಿಯುತ್ತದೆ, ಮೊದಲು ಅವರು ಗೆದ್ದು ಅಭ್ಯಾಸ ಮಾಡಿಕೊಳ್ಳಲಿ ಎಂಬುದು. ಆ ದಿನ ದಾಸವಾಳ ಹಸಿರಾದಾಗ ನಮ್ಮ ವಿದ್ಯಾರ್ಥಿನಿಯ ಮುಖ ನೋಡಿದವನು ನಾನು, ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಅವಳ ಆತ್ಮವಿಶ್ವಾಸವನ್ನು ಕುಗ್ಗಿಸಿದ್ದು ಹಸಿರಾದ ನೀರಲ್ಲ. ಅವಳು ಆ ಹುಡುಗನ ಪ್ರಶ್ನೆಗೆ ತಕ್ಷಣ ಚೇತರಿಸಿಕೊಂಡಳು. ಸಂಜೆ ನನ್ನ ಷರಾ ಓದಿದ ಮೇಲೆ ಎರಡು ದಿನ ಮಾತಾಡಲಿಲ್ಲ ಎಂದು ಅವಳ ಗೆಳತಿಯರು ಆಮೇಲೆ ಹೇಳಿದರು.

ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು. ಹೋಗುವ ಮೊದಲು ಕಾಲೇಜಿನಲ್ಲೇ ಒಮ್ಮೆ ಮಾಡಿ ನೋಡಿ, ಆದರೆ ಶಾಲೆಯ ಮಣ್ಣಿನಲ್ಲಿ ಬೇರೆ ಫಲಿತಾಂಶ ಬರಬಹುದು ಎಂದು ತಿಳಿದೇ ಹೋಗಿ. ಮಣ್ಣು ಹಾಕದ ಒಂದು ಲೋಟ, ಬಿಸಿಲಿಗೆ ಒಡ್ಡದ ಅರ್ಧ ಪಟ್ಟಿ, ಇವೆರಡನ್ನು ಮರೆಯಬೇಡಿ. ಅರಿಶಿನವನ್ನು ಸುಣ್ಣದ ಗೋಡೆಗೆ ಬಳಿಯಬೇಡಿ, ಓಕುಳಿಯಂತೆ ಕೆಂಪಾಗುತ್ತದೆ. ಅಥವಾ ಬಳಿಯಿರಿ, ಏಕೆ ಕೆಂಪಾಯಿತು ಎಂದು ಮಕ್ಕಳೇ ಹೇಳುತ್ತಾರೆ, ಆರತಿಯ ತಟ್ಟೆ ನೋಡದ ಮಗು ಯಾವುದಿದೆ? ಮಾಸಿದ ಪಟ್ಟಿಗಳನ್ನು ಎಸೆಯದೆ ದಿನಾಂಕ ಬರೆದು ಕಡತದಲ್ಲಿಡಿ.

ಅಂಕಪಟ್ಟಿ ಅಷ್ಟರಲ್ಲಿ ಸಲ್ಲಿಕೆಯಾಗಿತ್ತು, ತಿದ್ದಲು ಅವಕಾಶವಿರಲಿಲ್ಲ. ಅವಳಿಗೆ ಹೇಳಿ ಕ್ಷಮೆ ಕೇಳಿದೆ. ಅವಳು ನಕ್ಕು, “ಸರ್, ಆ ಎರೆಮಣ್ಣಿನ ಡಬ್ಬಿ ನಿಮ್ಮ ಲ್ಯಾಬಿನಲ್ಲೇ ಇರಲಿ” ಎಂದಳು. ಅದು ಈಗ ಗಾಜಿನ ಕಪಾಟಿನ ಕೆಳಗಿನ ಅರೆಯಲ್ಲಿದೆ. ಪಕ್ಕದಲ್ಲಿ ತೊಳೆದು ಒಣಗಿಸಿದ ಆಲೂರಿನ ಜೇಡಿ ಎರಡು ಡಬ್ಬಿ, ಹಲಸಿನ ಹೊಟ್ಟು ಒಂದು ಚೀಲ. ಈ ಸಲದ ತಂಡದವರು ಬೇಕಾದವರು ಬಂದು ತೆಗೆದುಕೊಳ್ಳಬಹುದು. ಸ್ಫಟಿಕ ಮಾತ್ರ ನೀವೇ ತನ್ನಿ.